ಕಂದಾಯದ ರಸೀದಿಯಲ್ಲಿ ಲೈಬ್ರರಿ ಇದೆ, ನೋಡಿದ್ದೀರಾ?

ಪುಸ್ತಕ, ಲೈಬ್ರರಿ, ಮಾಹಿತಿ ಹಕ್ಕು. ಈ ಮೂರರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮಂಡ್ಯ, ಮೈಸೂರು ಜಿಲ್ಲೆಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಗ್ರಂಥಪಾಲಕಿಯೊಬ್ಬರ ಉತ್ತರ.

ಪ್ರಶ್ನೆ: ಮನೆ ಕಂದಾಯ ಕಟ್ಟಿ ಬಂದೆ. ರಸೀದಿಯಲ್ಲಿ ‘ಗ್ರಂಥಾಲಯ ಉಪಕರ’ ಅಂತ ಒಂದು ಸಾಲು ಕಂಡಿತು. ಇಷ್ಟು ವರ್ಷ ಕಟ್ಟುತ್ತಿದ್ದರೂ ಗಮನಿಸಿರಲಿಲ್ಲ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಹೊಸ ಪುಸ್ತಕ ನೋಡಿ ಬಹಳ ಕಾಲವಾಯಿತು. ನಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ ಮೇಡಂ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ರಸೀದಿಯನ್ನು ಪೂರ್ತಿ ಓದಿದ್ದಕ್ಕೆ ಮೊದಲು ನಿಮಗೊಂದು ನಮಸ್ಕಾರ ಸಾರ್. ಹೆಚ್ಚಿನವರು ಕೊನೆಯ ಮೊತ್ತ ನೋಡಿ, ನಿಟ್ಟುಸಿರು ಬಿಟ್ಟು, ಮಡಚಿ ಬೀರುವಿಗೆ ಹಾಕುತ್ತಾರೆ.

ಈ ಉಪಕರ, ಅಂದರೆ ಸೆಸ್, ಹೊಸದೇನಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಲ್ಲೇ ಬಂದದ್ದು. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಈಗಿನ ದರ ಆಸ್ತಿ ತೆರಿಗೆಯ ನೂರಕ್ಕೆ 6 ರೂಪಾಯಿ. ನಿಮ್ಮ ತೆರಿಗೆ 4,000 ಆದರೆ ಲೈಬ್ರರಿಗೆ 240 ಕೊಟ್ಟಿದ್ದೀರಿ ಅಂತ ಲೆಕ್ಕ. ಓದಿದರೂ ಕೊಟ್ಟಿದ್ದೀರಿ, ಓದದಿದ್ದರೂ ಕೊಟ್ಟಿದ್ದೀರಿ. ಕೌಂಟರಿನ ಮುಂದೆ ನಿಂತು, ‘ಸ್ವಲ್ಪ ಪುಸ್ತಕ ನೋಡಬಹುದಾ?’ ಅಂತ ತಗ್ಗಿದ ದನಿಯಲ್ಲಿ ಕೇಳುವವರನ್ನು ಕಂಡಾಗೆಲ್ಲ ನನಗೆ ಈ 6 ರೂಪಾಯಿ ನೆನಪಿಗೆ ಬರುತ್ತಿತ್ತು.

ತೊಡಕು ಇರುವುದು ಬೇರೆ ಕಡೆ. ಸೆಸ್ ವಸೂಲು ಮಾಡುವುದು ಪಾಲಿಕೆ, ಪುರಸಭೆ, ಪಂಚಾಯಿತಿ. ಖರ್ಚು ಮಾಡಬೇಕಾದ್ದು ಗ್ರಂಥಾಲಯ. ಒಂದು ಕೈಯಿಂದ ಇನ್ನೊಂದು ಕೈಗೆ ಹಣ ದಾಟಬೇಕು. ದಾಟುವಲ್ಲಿ ತಡವಾಗುತ್ತದೆ. ಬಾಕಿ ಉಳಿದ ಸೆಸ್ ಬಗ್ಗೆ ರಾಜ್ಯದ ಒಂದಲ್ಲ ಒಂದು ಊರಿನಿಂದ ಪತ್ರಿಕೆಗಳಲ್ಲಿ ಸುದ್ದಿ ಬರುತ್ತಲೇ ಇರುತ್ತದೆ. ನಿಮ್ಮ ಬಡಾವಣೆಯ ವಿಷಯ ಏನು ಅಂತ ನಾನು ಇಲ್ಲಿ ಕೂತು ಹೇಳಲಾರೆ. ನೀವೇ ಕೇಳಿ ತಿಳಿಯಬಹುದು. ಮಾಹಿತಿ ಹಕ್ಕಿನ ಒಂದು ಅರ್ಜಿಗೆ 10 ರೂಪಾಯಿ ಖರ್ಚು, ಅಷ್ಟೇ.

ಮಾಹಿತಿ ಹಕ್ಕು ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12ರಂದು. ನಾನು ಕಂಡಂತೆ ಅರ್ಜಿಗಳು ಸೋಲುವುದು ಕಾಯ್ದೆಯಿಂದಲ್ಲ, ಬರೆಯುವ ಧಾಟಿಯಿಂದ. ಒಂದು ಪುಟ ತುಂಬ ಸಿಟ್ಟು, ಕೊನೆಗೆ ‘ಹೊಸ ಪುಸ್ತಕ ಯಾಕೆ ತರಿಸಿಲ್ಲ?’ ಅಂತ ಪ್ರಶ್ನೆ. ‘ಯಾಕೆ’ ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ ಸಾರ್. ಕಡತದಲ್ಲಿ ಇರುವುದನ್ನು ಮಾತ್ರ ಅವರು ಕೊಡಬೇಕು. ಕಡತದಲ್ಲಿ ಏನಿರುತ್ತದೆ? ಮೊತ್ತ, ತಾರೀಖು, ಬಿಲ್ಲು, ಪಟ್ಟಿ. ಅದನ್ನೇ ಕೇಳಿ.

ಎರಡು ಅರ್ಜಿ ಹಾಕಿ. ಮೊದಲನೆಯದು ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ‘2023-24 ಮತ್ತು 2024-25ರಲ್ಲಿ ವಸೂಲಾದ ಗ್ರಂಥಾಲಯ ಉಪಕರದ ಮೊತ್ತ, ಅದರಲ್ಲಿ ಗ್ರಂಥಾಲಯ ಪ್ರಾಧಿಕಾರಕ್ಕೆ ಪಾವತಿಸಿದ ಮೊತ್ತ, ಪಾವತಿಸಿದ ದಿನಾಂಕಗಳು, ಬಾಕಿ ಇರುವ ಮೊತ್ತ.’ ಇಷ್ಟೇ ಸಾಕು. ಎರಡನೆಯದು ನಗರ ಕೇಂದ್ರ ಗ್ರಂಥಾಲಯದ ಮಾಹಿತಿ ಅಧಿಕಾರಿಗೆ. ಅದೇ ಎರಡು ವರ್ಷಗಳಲ್ಲಿ ಬಂದ ಉಪಕರ, ಪುಸ್ತಕ ಕೊಳ್ಳಲು ಆದ ಖರ್ಚು, ನಿಮ್ಮ ಶಾಖೆಗೆ ಕೊಟ್ಟ ಪುಸ್ತಕಗಳ ಪಟ್ಟಿಯ ಪ್ರತಿ. ಎರಡೂ ಉತ್ತರ ಬಂದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವರಿಗೆ ನಾನು ಹೇಳಿಕೊಡಬೇಕೇ?

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಅಂತ ಇದೆ. ಬೆಂಚು ಮುರಿದಿದೆ, ಫ್ಯಾನ್ ತಿರುಗಲ್ಲ, ಬೀದಿ ದೀಪ ಇಲ್ಲ ಅಂತ ಎಲ್ಲ ಸೇರಿಸಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಅದರ ನಂಬರ್ ಅರ್ಜಿಯಲ್ಲಿ ಬರೆಯಿರಿ. ಮಾಹಿತಿ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಹೇಳಬೇಕಾಗಿಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000ದವರೆಗೆ ದಂಡ ಹಾಕಲು ಆಯೋಗಕ್ಕೆ ಅಧಿಕಾರವಿದೆ.

ಇನ್ನೊಂದು ದಾರಿ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಪ್ರತಿ ಕೇಳುವ ಬದಲು ಕಡತವನ್ನೇ ನೋಡುತ್ತೇನೆ ಅಂತ ಬರೆಯಬಹುದು. ಲೈಬ್ರರಿಯಲ್ಲಿ ಅಕ್ಸೆಷನ್ ರಿಜಿಸ್ಟರ್ ಅಂತ ದಪ್ಪ ಪುಸ್ತಕ ಇರುತ್ತದೆ. ಒಳಗೆ ಬಂದ ಪ್ರತಿ ಪುಸ್ತಕಕ್ಕೂ ಅದರಲ್ಲಿ ಒಂದು ನಂಬರ್, ಬಂದ ತಾರೀಖು, ಬೆಲೆ. ಅದರ ಕೊನೆಯ ಪುಟಗಳನ್ನು ನೋಡಿದರೆ ನಿಮ್ಮ ಲೈಬ್ರರಿಗೆ ಕೊನೆಯ ಪುಸ್ತಕ ಬಂದಿದ್ದು ಯಾವಾಗ ಅಂತ ಅಲ್ಲೇ ಗೊತ್ತಾಗುತ್ತದೆ.

ಹಾಂ, ಒಂದು ಮಾತು. ಅಲ್ಲಿ ಕೂತಿರುವ ಗ್ರಂಥಪಾಲಕರ ಮೇಲೆ ರೇಗಬೇಡಿ. ಪುಸ್ತಕ ಕೊಳ್ಳುವ ತೀರ್ಮಾನ ಅವರ ಮೇಜಿನ ಮೇಲೆ ಆಗುವುದಿಲ್ಲ.

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಓದುವ ಹುಚ್ಚು ಜಾಸ್ತಿ. ನಮ್ಮ ಪಂಚಾಯಿತಿಯಲ್ಲಿ ಲೈಬ್ರರಿ ಇದೆ, ಆದರೆ ಯಾವಾಗ ಹೋದರೂ ಗಂಡಸರು ಪೇಪರ್ ಹಿಡಿದು ಕೂತಿರುತ್ತಾರೆ. ಅವಳಿಗೆ ಸಂಕೋಚ. ‘ಹೆಣ್ಮಗಳಿಗೆ ಅಲ್ಲೇನು ಕೆಲಸ’ ಅಂತಾರೆ ಮನೆಯಲ್ಲಿ. ಏನು ಮಾಡಲಿ ಅಕ್ಕಾ?
– ಒಬ್ಬ ತಾಯಿ, ಮಳವಳ್ಳಿ ತಾಲ್ಲೂಕು

ಉತ್ತರ: ಮನೆಯವರಿಗೆ ಹೇಳಮ್ಮ, ಅವಳಿಗೆ ಅಲ್ಲಿ ಕೆಲಸ ಇದೆ ಅಂತ ಸರ್ಕಾರವೇ ಹೇಳಿದೆ. 2019ರಲ್ಲಿ ಪಂಚಾಯಿತಿ ಲೈಬ್ರರಿಗಳನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಅಂತ ಇರಬಹುದು, ನೋಡಿ. 2020ರಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಅಂತ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ನಿಮ್ಮ ಮಗಳ ಹೆಸರು ಈಗಾಗಲೇ ಸೇರಿಸಿರಲೂಬಹುದು. ಶಾಲೆಯಲ್ಲಿ ಮೇಷ್ಟ್ರನ್ನು ಕೇಳಿ.

ಗಂಡಸರ ವಿಷಯಕ್ಕೆ ಬರುತ್ತೇನೆ. ಅವರನ್ನು ಎಬ್ಬಿಸುವುದು ಬೇಡ. ಅವರೂ ಓದಲಿ. ಅವಳೊಬ್ಬಳನ್ನೇ ಕಳಿಸಬೇಡಿ, ಬೀದಿಯ ಮೂರು ನಾಲ್ಕು ಹುಡುಗಿಯರನ್ನು ಸೇರಿಸಿ ಕಳಿಸಿ. ಮೊದಲ ಸಲ ನೀವೂ ಜೊತೆಗೆ ಹೋಗಿ, ನೀವೂ ಒಂದು ಪುಸ್ತಕ ತೆಗೆದುಕೊಳ್ಳಿ. ಹುಡುಗಿಯರು ಗುಂಪಾಗಿ ಬಂದು ಕೂತರೆ ಆ ಕೋಣೆಯ ಮಾತಿನ ವರಸೆಯೇ ಬದಲಾಗುತ್ತದೆ. ಇದನ್ನು ನಾನು ಮದ್ದೂರು ಕಡೆ ಕಣ್ಣಾರೆ ಕಂಡಿದ್ದೇನೆ. ಜೋರಾಗಿ ಎಲೆಕ್ಷನ್ ಮಾತಾಡುತ್ತಿದ್ದವರು ಪೇಪರ್ ಹಿಡಿದು ಹೊರಗಿನ ಜಗಲಿಗೆ ಹೋದರು. ಯಾರೂ ಹೇಳಿರಲಿಲ್ಲ. ಪುಸ್ತಕವನ್ನು ಮನೆಗೆ ತರಬಹುದು, ಅಲ್ಲೇ ಕೂತು ಓದಬೇಕು ಅಂತೇನಿಲ್ಲ.

ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಕ್ಕಳಿಗೇ ಅಂತ ಇಡಿಸಬೇಕಾದರೆ ಪಿಡಿಒಗೆ ಬರೆದು ಕೊಡಿ. ಇನ್ನೂ ಒಳ್ಳೆಯದು, ಮಕ್ಕಳ ಗ್ರಾಮಸಭೆ ನಡೆದಾಗ ನಿಮ್ಮ ಮಗಳೇ ಎದ್ದು ಕೇಳಲಿ. ಅಲ್ಲಿ ಮಕ್ಕಳು ಕೇಳಿದ್ದನ್ನು ಬರೆದುಕೊಳ್ಳಬೇಕು.

ಮೇಲುಕೋಟೆ ಕಡೆ ಹೋದಾಗ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಮಗಳನ್ನು ಕರೆದುಕೊಂಡು ಹೋಗಿ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಕೂಡಿಟ್ಟ ‘ಪುಸ್ತಕ ಮನೆ’ ಅಲ್ಲಿದೆ. ಲಕ್ಷಾಂತರ ಪುಸ್ತಕ. ಜೋಡಿಸಲು ಜಾಗ ಸಾಲದೆ ನೆಲದ ಮೇಲೂ ರಾಶಿ. ಗ್ರಂಥಪಾಲಕಿಯಾಗಿ ನನಗೆ ಅದನ್ನು ನೋಡಿದರೆ ಕೈ ತುರಿಸುತ್ತದೆ, ವಿಂಗಡಿಸೋಣ ಅಂತ. ಮಕ್ಕಳಿಗೆ ಮಾತ್ರ ಆ ರಾಶಿಯೇ ಇಷ್ಟ.

ಪ್ರಶ್ನೆ: 1994ರಲ್ಲಿ ನಮ್ಮ ತಂದೆ ಲೈಬ್ರರಿಯಿಂದ ತಂದ ಪುಸ್ತಕ ಅಟ್ಟದ ಮೇಲೆ ಸಿಕ್ಕಿದೆ. ತಂದೆ ಈಗಿಲ್ಲ. ದಂಡ ಎಷ್ಟಾಗಬಹುದು? ಹೆದರಿಕೆ ಆಗುತ್ತಿದೆ.
– ಮಂಡ್ಯ

ಉತ್ತರ: ಹೆದರಬೇಡಿ, ಯಾರೂ ಮನೆ ಜಪ್ತಿ ಮಾಡುವುದಿಲ್ಲ. ಹಿಂದಿನ ರಟ್ಟಿನ ಒಳಗೆ ತಾರೀಖು ಚೀಟಿ ಅಂಟಿಸಿರುತ್ತಾರೆ, ನೋಡಿ. ಅದು ಹರಿದಿದ್ದರೆ ಒಳಗೆ ಎಲ್ಲೋ ಒಂದು ಪುಟದಲ್ಲಿ ಇನ್ನೊಂದು ಮುದ್ರೆ ಇರುತ್ತದೆ. ನಾವು ಅದಕ್ಕೆ ‘ಸೀಕ್ರೆಟ್ ಪೇಜ್’ ಅನ್ನುತ್ತೇವೆ. ಮೊದಲ ಪುಟ ಕಿತ್ತವರನ್ನು ಹಿಡಿಯಲು ಮಾಡಿದ ಉಪಾಯ. ಆ ನಂಬರ್ ಹೇಳಿ ವಾಪಸ್ ಕೊಡಿ. ಹಳೆಯ ಕಾರ್ಡ್ ಸಿಕ್ಕರೆ ಅದನ್ನೂ ಒಯ್ಯಿರಿ. ನಿಮ್ಮ ತಂದೆ ಸದಸ್ಯರಾಗುವಾಗ ಕಟ್ಟಿದ ಠೇವಣಿ ಲೈಬ್ರರಿಯಲ್ಲೇ ಉಳಿದಿದ್ದರೆ ಯಾರು ಯಾರಿಗೆ ಕೊಡಬೇಕು ಅಂತ ಅಲ್ಲೇ ನಿಂತು ಲೆಕ್ಕ ಹಾಕಬಹುದು!

ಪ್ರಶ್ನೆ: ನನಗೆ 71 ವರ್ಷ. ಬೆಳಿಗ್ಗೆ ಲೈಬ್ರರಿಗೆ ಹೋದರೆ ಕುರ್ಚಿ ಇಲ್ಲ. ಎಲ್ಲ ಕಡೆ ಕಾಂಪಿಟೇಟಿವ್ ಪರೀಕ್ಷೆಗೆ ಓದುವ ಹುಡುಗರು. ಮನೆಯಿಂದ ಪುಸ್ತಕ ತಂದು ಓದುತ್ತಾರೆ, ಲೈಬ್ರರಿ ಪುಸ್ತಕ ಮುಟ್ಟುವುದೂ ಇಲ್ಲ. ಲೈಬ್ರರಿ ಇರುವುದು ಇದಕ್ಕಾ?
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಇದಕ್ಕೂ ಇರುವುದು ಮೇಷ್ಟ್ರೇ. ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ.

ಆ ಹುಡುಗ ಹುಡುಗಿಯರು ಎಲ್ಲಿಂದ ಬಂದವರು ಅಂತ ಒಮ್ಮೆ ಮಾತಾಡಿಸಿ ನೋಡಿ. ಕೆ.ಆರ್. ಪೇಟೆ, ನಾಗಮಂಗಲ ಕಡೆಯವರು ಸಿಗುತ್ತಾರೆ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಾರೆ. ಮಧ್ಯಾಹ್ನ ಡಬ್ಬಿಯಲ್ಲಿ ತಂದ ಮುದ್ದೆಯೋ ಚಿತ್ರಾನ್ನವೋ. ಮನೆಯಲ್ಲಿ ಓದಲು ಕೋಣೆ ಇಲ್ಲ. ಹಗಲು ಮನೆಯಲ್ಲಿದ್ದರೆ ದನ, ಗದ್ದೆ ಅಂತ ಕೆಲಸ ಹೇಳುತ್ತಾರೆ. ಖಾಸಗಿ ರೀಡಿಂಗ್ ರೂಮುಗಳು ಮೂಲೆಮೂಲೆಗೆ ಆಗಿವೆ, ಆದರೆ ತಿಂಗಳಿಗೆ ಬಾಡಿಗೆ ಕೊಡಬೇಕು. ಪಿಡಿಒ, ಕಾನ್‌ಸ್ಟೆಬಲ್, ಕೆಎಎಸ್ ಅಂತ ವರ್ಷಗಟ್ಟಲೆ ಕಾಯುವ ಮಕ್ಕಳಿಗೆ ಲೈಬ್ರರಿಯ ಒಂದು ಕುರ್ಚಿ, ಒಂದು ಫ್ಯಾನ್, ಸದ್ದಿಲ್ಲದ ಎಂಟು ಗಂಟೆ ಅಂದರೆ ಸಣ್ಣದಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ. ಕಟ್ಟಡಕ್ಕೂ ಕುರ್ಚಿಗೂ ಅದನ್ನೇ ಅನ್ವಯಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಆದರೆ ನಿಮ್ಮ ದೂರಿನಲ್ಲೂ ನ್ಯಾಯ ಇದೆ. ಹಿರಿಯರು ನಿಂತುಕೊಂಡು ಪೇಪರ್ ಓದಬಾರದು. ದಿನಪತ್ರಿಕೆಗೆ ಒಂದು ಮೇಜು ಬೇರೆ ಇಡಿಸಿ, ಅಲ್ಲಿ ಪರೀಕ್ಷೆ ಪುಸ್ತಕ ಬಿಚ್ಚುವಂತಿಲ್ಲ ಅಂತ ಬೋರ್ಡ್ ಹಾಕಿಸಿ. ಇದಕ್ಕೆ ಹಣ ಬೇಡ, ಹತ್ತು ಓದುಗರ ಸಹಿ ಇರುವ ಒಂದು ಮನವಿ ಸಾಕು. ಆ ಹುಡುಗರ ಸಹಿಯನ್ನೂ ಹಾಕಿಸಿ. ಹಾಕುತ್ತಾರೆ.

ಈ ಅಂಕಣ ಓದುವ ಹುಡುಗರಿಗೂ ಒಂದು ಮಾತು. ಬ್ಯಾಗು, ನೀರಿನ ಬಾಟಲಿ ಇಟ್ಟು ಎರಡು ಗಂಟೆ ಟೀ ಕುಡಿಯಲು ಹೋಗುವುದು ಸರಿಯಲ್ಲ ಕಣ್ರಪ್ಪಾ. ಗೆಳೆಯನಿಗೂ ಸೇರಿಸಿ ಜಾಗ ಹಿಡಿಯುವುದಂತೂ ಅನ್ಯಾಯ.

ಪ್ರಶ್ನೆ: ಹಳೆ ಮನೆ ಕೆಡವುವಾಗ ಒಂದು ಪೆಟ್ಟಿಗೆಯಲ್ಲಿ ತಾಳೆಗರಿಯ ಕಟ್ಟುಗಳು ಸಿಕ್ಕವು. ಅಕ್ಷರ ಓದಲು ಬರುತ್ತಿಲ್ಲ. ಒಬ್ಬರು ಲ್ಯಾಮಿನೇಷನ್ ಮಾಡಿಸಿ ಅಂದರು. ಇನ್ನೊಬ್ಬರು ಹೊಳೆಗೆ ಬಿಡಿ ಅಂದರು. ಏನು ಮಾಡಬೇಕು?
– ರೈತರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಪತ್ರ ಬರೆದು ಕೇಳಿದಿರಲ್ಲ, ದೊಡ್ಡ ಉಪಕಾರ.

ಲ್ಯಾಮಿನೇಷನ್ ಮಾಡಿದರೆ ಬಿಸಿಗೆ ಗರಿ ಹಾಳಾಗುತ್ತದೆ. ಮತ್ತೆ ಬಿಡಿಸಲು ಆಗುವುದಿಲ್ಲ. ಬಿಸಿಲಿಗೆ ಹಾಕಬೇಡಿ, ನೀರು ತಾಗಿಸಬೇಡಿ, ಹುಳ ಇದೆ ಅಂತ ಸ್ಪ್ರೇ ಹೊಡೆಯಬೇಡಿ. ದಾರ ಬಿಚ್ಚಿ ಗರಿಗಳನ್ನು ಆಚೀಚೆ ಮಾಡಬೇಡಿ, ಕ್ರಮ ತಪ್ಪಿದರೆ ಕೂಡಿಸುವುದು ಕಷ್ಟ. ಮೆತ್ತನೆಯ ಕುಂಚದಿಂದ ಮೇಲಿನ ದೂಳು ಮಾತ್ರ ತೆಗೆದು, ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಇಲ್ಲದ ಕಡೆ ಇಡಿ. ದಸರಾದಲ್ಲಿ ಸರಸ್ವತಿ ಪೂಜೆಗೆ ಇಡಬೇಕು ಅನಿಸಿದರೆ ಇಡಿ, ಆದರೆ ಅರಿಶಿನ ಕುಂಕುಮ ಬಟ್ಟೆಯ ಮೇಲೆ ಹಾಕಿ, ಗರಿಯ ಮೇಲಲ್ಲ. ಮಜ್ಜಿಗೆ ಹುಲ್ಲಿನ ಎಣ್ಣೆ ಸವರುತ್ತಾರೆ ಅಂತ ಕೇಳಿರಬಹುದು. ನಿಜ, ಆದರೆ ಗೊತ್ತಿದ್ದವರು ಮಾಡಬೇಕು. ನೆರಳಿನ ಬೆಳಕಿನಲ್ಲಿ ಎರಡು ಮೂರು ಗರಿಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆಯಿರಿ.

ಆ ಫೋಟೊ ಹಿಡಿದು ಮೈಸೂರಿಗೆ ಬನ್ನಿ. ಕನ್ನಡದ್ದಾದರೆ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಹಸ್ತಪ್ರತಿ ವಿಭಾಗ ಇದೆ. ಸಂಸ್ಕೃತದ್ದಾದರೆ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಕೃಷ್ಣರಾಜ ಬುಲೆವಾರ್ಡಿನಲ್ಲಿ. ಅಕ್ಷರ ಕನ್ನಡದ್ದಲ್ಲ ಅಂತ ಕಂಡರೂ ಬಿಡಬೇಡಿ. ಗ್ರಂಥ, ನಂದಿನಾಗರಿ, ತಿಗಳಾರಿ ಎಂಬ ಹಳೆಯ ಲಿಪಿಗಳಲ್ಲಿ ಯಾವುದಾದರೂ ಇರಬಹುದು. ನಿಮಗೆ ಮೇಲುಕೋಟೆಯೂ ದೂರವಲ್ಲ, ಅಲ್ಲಿನ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲೂ ಓದಬಲ್ಲವರು ಇದ್ದಾರೆ.

ಮೇಲೆ ಹೇಳಿದ ಓರಿಯೆಂಟಲ್ ಸಂಸ್ಥೆ ಓರಿಯೆಂಟಲ್ ಲೈಬ್ರರಿ ಅಂತ ಶುರುವಾಗಿದ್ದು 1891ರಲ್ಲಿ. ಅಲ್ಲಿ ಗ್ರಂಥಪಾಲಕರಾಗಿದ್ದವರು ಆರ್. ಶಾಮಶಾಸ್ತ್ರಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥ ಲಿಪಿಯ ತಾಳೆಗರಿ ಕಟ್ಟನ್ನು ಅವರು 1905ರಲ್ಲಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ. ಅಲ್ಲಿಯವರೆಗೆ ಅದರ ಹೆಸರು, ಅಲ್ಲೊಂದು ಇಲ್ಲೊಂದು ಉಲ್ಲೇಖ ಮಾತ್ರ ಗೊತ್ತಿತ್ತು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಶಾಸ್ತ್ರಿಗಳ ಹೆಸರು ಲೋಕಕ್ಕೆಲ್ಲ ಗೊತ್ತು. ತಂದುಕೊಟ್ಟ ಪಂಡಿತರು ಮಾತ್ರ ‘ತಂಜಾವೂರಿನ ಪಂಡಿತರೊಬ್ಬರು’ ಅಂತಲೇ ಉಳಿದುಬಿಟ್ಟರು. ನನಗೆ ಅದೇ ಬೇಜಾರು. ಹಾಗಾಗಿ ನೀವು ಕೊಡುವುದಾದರೆ ನಿಮ್ಮ ಊರು, ಮನೆತನ, ಪೆಟ್ಟಿಗೆ ಸಿಕ್ಕ ಸಂದರ್ಭ ಎಲ್ಲ ಬರೆಸಿ, ಸಹಿ ಇರುವ ರಸೀದಿ ಪಡೆಯಿರಿ. ಕೊಡಲೇಬೇಕು ಅಂತೇನಿಲ್ಲ. ಫೋಟೊ ತೆಗೆಸಿ ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಾ ಅಂತಲೂ ಕೇಳಿ.

ನಿಮ್ಮ ಪೆಟ್ಟಿಗೆಯಲ್ಲಿ ಅರ್ಥಶಾಸ್ತ್ರ ಇರುತ್ತದೆ ಅಂತ ಆಸೆ ಹುಟ್ಟಿಸುತ್ತಿಲ್ಲ. ಮಹಾಭಾರತದ ಕಥೆಯೋ ಜೈಮಿನಿ ಭಾರತವೋ ಇರುವುದೇ ಜಾಸ್ತಿ. ಹಳ್ಳಿ ವೈದ್ಯ ಇರಬಹುದು, ಜಾತಕ ಇರಬಹುದು, ಸಾಲದ ಲೆಕ್ಕವೂ ಇರಬಹುದು. ಸಾಲದ ಲೆಕ್ಕವಾದರೆ ನನಗೆ ಇನ್ನೂ ಖುಷಿ. ನಿಮ್ಮೂರಲ್ಲಿ ಆಗ ಭತ್ತದ ಬೆಲೆ ಎಷ್ಟಿತ್ತು ಅಂತ ಬೇರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಇದ್ದಾನೆ. ಮೊಬೈಲ್ ಓದಿ ಹೇಳುತ್ತದೆ, ಕೇಳಿಸಿಕೊಳ್ಳುತ್ತಾನೆ. ಆದರೆ ನಾವು ಕೊಡುವ ಕನ್ನಡ ನೋಟ್ಸ್ ಹಾಕಿದರೆ ಏನೇನೋ ಇಂಗ್ಲಿಷ್ ಅಕ್ಷರ ಒದರುತ್ತದೆ. ಅವನಿಗೆ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ?
– ಉಪನ್ಯಾಸಕಿ, ಮದ್ದೂರು

ಉತ್ತರ: ಮೊಬೈಲಿನ ತಪ್ಪಲ್ಲ, ಫೈಲಿನ ತಪ್ಪು. ನಿಮ್ಮ ನೋಟ್ಸ್ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆಗಿದೆ. ಅದು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ ಹಾಗೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್. ಯಂತ್ರಕ್ಕೂ ಕನ್ನಡವಾಗಿಯೇ ಕಾಣುವ ವ್ಯವಸ್ಥೆಗೆ ಯೂನಿಕೋಡ್ ಅನ್ನುತ್ತಾರೆ. ಯೂನಿಕೋಡ್‌ಗೆ ಬದಲಿಸಿ ಕೊಡಿ. ಬದಲಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ನಿಮ್ಮ ಕಂಪ್ಯೂಟರ್ ಲ್ಯಾಬಿನವರಿಗೆ ಹೇಳಿದರೆ ಕೂಡಲೇ ಆಗುವ ಕೆಲಸ. ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಎಷ್ಟೋ ಸರ್ಕಾರಿ ಸುತ್ತೋಲೆಗಳೂ ಇದೇ ಹಳೆಯ ಫಾಂಟಿನಲ್ಲಿವೆ. ಅವನ್ನು ಅಂತರ್ಜಾಲದಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಹಾಗಾಗಿ ಕಣ್ಣಿರುವ ನಮಗೂ ಇದರಿಂದ ನಷ್ಟ.

ಅಚ್ಚಿನ ಪುಸ್ತಕವಾದರೆ ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸಿ ಕೊಡಬಹುದು. ಹಕ್ಕುಸ್ವಾಮ್ಯದ ಭಯ ಬೇಡ. 2012ರ ತಿದ್ದುಪಡಿಯಲ್ಲಿ ಅಂಗವಿಕಲರಿಗೆ ಅವರು ಓದಬಲ್ಲ ರೂಪದಲ್ಲಿ ಪ್ರತಿ ಮಾಡಿಕೊಡಲು ಅವಕಾಶ ಕೊಟ್ಟಿದ್ದಾರೆ, ಲಾಭಕ್ಕೆ ಮಾರಬಾರದು ಅಷ್ಟೆ. ಇದೇ ವಿಷಯದ ಮರ‍್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ನಮ್ಮದು. 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಲೈಬ್ರರಿಗೆ ಅವನನ್ನು ಸೇರಿಸಿ. ಅಂಗವೈಕಲ್ಯದ ಪ್ರಮಾಣಪತ್ರ ಕೈಯಲ್ಲಿರಲಿ.

ಪ್ರಶ್ನೆ: ವಾಟ್ಸಾಪ್ ಗ್ರೂಪಿನಲ್ಲಿ ಕನ್ನಡ ಕಾದಂಬರಿಗಳ ಪಿಡಿಎಫ್ ದಿನಾ ಬರುತ್ತವೆ. ಓದುವುದು ತಪ್ಪಾ? ನನಗೆ ಕೊಳ್ಳುವ ಶಕ್ತಿ ಇಲ್ಲ.
– ಗೃಹಿಣಿ, ನಂಜನಗೂಡು

ಉತ್ತರ: ಲೇಖಕರು ತೀರಿಕೊಂಡು 60 ವರ್ಷ ಆಗಿದ್ದರೆ ಧಾರಾಳವಾಗಿ ಓದಿ, ಹಂಚಿ. ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ಎಣಿಸಬೇಕು. ಉದಾಹರಣೆಗೆ ಗೋವಿಂದ ಪೈಗಳು ತೀರಿಕೊಂಡಿದ್ದು 1963ರಲ್ಲಿ. ಅವರ ಬರಹ 2024ರಿಂದ ಎಲ್ಲರದ್ದು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅವರದು 2054ರ ಕೊನೆಯವರೆಗೂ ಹಾಗಲ್ಲ. ಈಗ ಬರೆಯುತ್ತಿರುವವರ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದು ತಪ್ಪೇ. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಖರ್ಚಾದರೆ ಪ್ರಕಾಶಕರು ಹಬ್ಬ ಮಾಡುತ್ತಾರೆ. ನಿಮ್ಮ ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ.

ಕೊಳ್ಳುವ ಶಕ್ತಿ ಇಲ್ಲದವರಿಗೇ ಲೈಬ್ರರಿ ಇರುವುದಮ್ಮ. ಫೋನಿನಲ್ಲೇ ಓದಬೇಕಾದರೆ 2020ರಲ್ಲಿ ಶುರುವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ನೋಂದಣಿಗೆ ಹಣ ಇಲ್ಲ. ಹಳೆಯ ಕೃತಿಗಳಿಗೆ ಕನ್ನಡ ವಿಕಿಸೋರ್ಸ್ ನೋಡಿ. ನಿಘಂಟು ಬೇಕಾದರೆ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯ ‘ಭಾರತವಾಣಿ’. ಹೊಸ ಕಾದಂಬರಿ ಬೇಕು ಅಂದರೆ ನಿಮ್ಮ ಊರಿನ ಲೈಬ್ರರಿಯಲ್ಲಿ ಸಲಹಾ ಪುಸ್ತಕ ಕೇಳಿ, ಹೆಸರು, ಲೇಖಕರು, ಪ್ರಕಾಶಕರು ಎಲ್ಲ ಬಿಡಿಸಿ ಬರೆಯಿರಿ. ಒಬ್ಬರು ಬರೆದರೆ ಮರೆತುಬಿಡುತ್ತಾರೆ. ನಿಮ್ಮ ಗ್ರೂಪಿನ ಹತ್ತು ಜನ ಅದೇ ಪುಸ್ತಕದ ಹೆಸರು ಬರೆದು ಬನ್ನಿ.